ಮೆಸ್ ನೂರಹನ್ನೆರಡು

ಎರಡು ಗಂಟೆಯ ಸೈರನ್ ಕೂಗಿ ಕಾಲು ಗಂಟೆ ಕಳೆದರೂ ಹಸಿರು ಗೇಟಿನ ಕಡೆಗೆ ಒಬ್ಬರೂ ತಿರುಗಲಿಲ್ಲ. ಅಕ್ಕಯಮ್ಮ ಸೆರಗಿನಲ್ಲಿ ಕುತ್ತಿಗೆ ಒರೆಸಿಕೊಂಡು ಮತ್ತೊಮ್ಮೆ ಬೀದಿಗೆ ಇಣುಕಿದಳು. ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಿಂದ ಮೊದಲ ಪಾಳಿಯವರು ಹೊರಬೀಳುತ್ತಿರುವ ಸದ್ದು ಇಲ್ಲಿಗೂ ಕೇಳುತ್ತಿತ್ತು. ಬೈಕುಗಳು ಒಟ್ಟಿಗೆ ಸ್ಟಾರ್ಟ್ ಆಗುವುದು, ಕಂಪನಿ ಬಸ್ಸಿನ ಹಾರನ್ನು, ಯಾರೋ ಯಾರನ್ನೋ ಕೂಗಿ ಕರೆಯುವುದು. ಆದರೆ ಆ ಸದ್ದೆಲ್ಲ ಮುಖ್ಯರಸ್ತೆಯಲ್ಲೇ ಹರಿದು ದೊಡ್ಡಬಳ್ಳಾಪುರದ ಕಡೆಗೆ ಹೋಗಿಬಿಡುತ್ತಿತ್ತು. ನೀರಿನ ಟ್ಯಾಂಕಿನ ಹಿಂದಿನ ಈ ಬೀದಿಯಲ್ಲಿ ಒಂದು ನಾಯಿ ಮಾತ್ರ ನೆರಳು ನೋಡಿಕೊಂಡು ಮಲಗಿತ್ತು.

ಒಳಗೆ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಗಳಲ್ಲಿ ನೂರಿಪ್ಪತ್ತು ಮುದ್ದೆ ಕೂತಿದ್ದವು. ಹುರುಳಿಕಾಳಿನ ಸಾರು ಎರಡು ಸಲ ಬಿಸಿಯಾಗಿತ್ತು. ಹೊಸ ಜಾಗದ ಮೊದಲ ದಿನ ಸಿಹಿ ಇಲ್ಲದೆ ಹೇಗೆ ಎಂದು ಹೆಸರುಬೇಳೆ ಪಾಯಸವನ್ನೂ ಮಾಡಿದ್ದಳು. ಅದರ ಮೇಲೆ ಕೆನೆ ಕಟ್ಟುತ್ತಿತ್ತು.

"ಭಾನು, ನೀನು ಕಳಿಸಿದ ಮೆಸೇಜು ಎಲ್ಲರಿಗೂ ಹೋಯ್ತು ತಾನೆ?"

ಎಲೆ ಒರೆಸಿ ಜೋಡಿಸುತ್ತಿದ್ದ ಸೊಸೆ ಭಾನುಪ್ರಿಯಾ ತಲೆಯೆತ್ತದೆ ಹೇಳಿದಳು. "ಹೋಯ್ತತ್ತೆ. ನೂರಾ ತೊಂಬತ್ತಾರು ನಂಬರ್‌ಗೂ ಹೋಯ್ತು. ನಾನೇ ನೋಡಿದ್ದೀನಿ."

"ಮತ್ತೆ?"

ಭಾನು ಇನ್ನೊಂದು ಎಲೆ ಕೈಗೆತ್ತಿಕೊಂಡಳು.

ಏಳು ವರ್ಷ ಅಕ್ಕಯಮ್ಮನ ಮೆಸ್ಸು ಕಾರ್ಖಾನೆಯ ದೊಡ್ಡ ಗೇಟಿನ ಎದುರಿಗೇ ಇತ್ತು. ಶೀಟು ಹೊದಿಸಿದ ಉದ್ದನೆಯ ಶೆಡ್ಡು, ಮಧ್ಯೆ ನಾಲ್ಕು ಕಂಬ, ಎರಡು ಸಾಲು ಬೆಂಚು. ಬೋರ್ಡು ಕೂಡ ಇರಲಿಲ್ಲ; ಗೇಟಿನಿಂದ ಹೊರಬಿದ್ದವನ ಮೂಗಿಗೆ ಒಗ್ಗರಣೆ ಬಡಿದರೆ ಸಾಕು, ಕಾಲು ತಾನಾಗಿ ಇತ್ತ ತಿರುಗುತ್ತಿತ್ತು. ವಿಮಾನ ನಿಲ್ದಾಣ ಶುರುವಾದ ನಾಲ್ಕನೆಯ ವರ್ಷ ಜಾಗದ ಮಾಲೀಕ ಆದಿನಾರಾಯಣಪ್ಪ ಬಂದು ಬೆಂಚಿನ ಮೇಲೆ ಕೂತು, ಒಂದು ಲೋಟ ಮಜ್ಜಿಗೆ ಕುಡಿದು, "ಯಾವುದೋ ಕಂಪನಿಯೋರು ಗೋಡೌನ್ ಕೇಳ್ತಾವ್ರೆ ಕಣಮ್ಮ, ಏರ್‌ಪೋರ್ಟಿಗೆ ಸಾಮಾನು ಕಳಿಸೋರು. ನಾನೇನ್ ಮಾಡ್ಲಿ ಹೇಳು" ಎಂದ. ಆತ ಕೆಟ್ಟವನಲ್ಲ, ಎರಡು ತಿಂಗಳು ಸಮಯ ಕೊಟ್ಟಿದ್ದ.

ಬೇರೆ ಜಾಗ ಹುಡುಕುವಾಗ ಎರಡು ಮನೆ ಸಿಕ್ಕಿದ್ದವು. ಒಂದು ರಸ್ತೆಗೆ ಹತ್ತಿರ, ಆದರೆ ಇಪ್ಪತ್ತು ಜನ ಕೂತರೆ ತುಂಬಿಹೋಗುವಂಥದ್ದು. ಇನ್ನೊಂದು ಟ್ಯಾಂಕಿನ ಹಿಂದಿನ ಈ ಹಸಿರು ಗೇಟಿನ ಮನೆ. ಹಜಾರ ದೊಡ್ಡದು, ಹಿತ್ತಲಲ್ಲಿ ಬೋರ್‌ವೆಲ್ ನೀರು, ಆದರೆ ರಸ್ತೆಗೆ ಕಾಣುವುದಿಲ್ಲ. ಅಕ್ಕಯಮ್ಮ ಅನುಮಾನಿಸುತ್ತಿದ್ದಾಗ ಭಾನು ತನ್ನ ಫೋನು ಹಿಡಿದುಕೊಂಡು ಬಂದಿದ್ದಳು. ಊಟದ ಟೋಕನ್ ಪುಸ್ತಕದ ಹಿಂದೆ, ನಾಳೆ ಬರುವೆನೋ ಇಲ್ಲವೋ ತಿಳಿಸಲೆಂದು ಹುಡುಗರು ಬರೆದಿಟ್ಟಿದ್ದ ನಂಬರುಗಳನ್ನೆಲ್ಲ ಅವಳು ಒಂದೊಂದಾಗಿ ಫೋನಿಗೆ ಹಾಕಿದ್ದಳು. ಹೆಸರು ಯಾರೂ ಸರಿಯಾಗಿ ಬರೆದಿರಲಿಲ್ಲ. ಅದಕ್ಕೇ ಮೆಸ್ ಒಂದು, ಮೆಸ್ ಎರಡು ಎಂದು ಕೊನೆಗೆ ಮೆಸ್ ನೂರಾ ತೊಂಬತ್ತಾರು.

"ಅತ್ತೆ, ರಸ್ತೆಗೆ ಕಾಣಿಸ್ಬೇಕು ಅನ್ನೋ ಕಾಲ ಹೋಯ್ತು. ಇಷ್ಟು ಜನ ನಮ್ಮ ಕೈಯಲ್ಲವ್ರೆ. ಒಂದು ಮೆಸೇಜ್ ಹಾಕಿದ್ರೆ ಬಂದ್ಬಿಡ್ತಾರೆ."

ನೂರಾ ತೊಂಬತ್ತಾರು ಜನ. ಅಕ್ಕಯಮ್ಮನಿಗೆ ಆ ಸಂಖ್ಯೆ ಧೈರ್ಯ ಕೊಟ್ಟಿತ್ತು. ದೊಡ್ಡ ಮನೆಯನ್ನೇ ಹಿಡಿದಳು.

ಭಾನುವಾರ ಮಧ್ಯಾಹ್ನ, ಪಾತ್ರೆಗಳು ಟೆಂಪೋ ಹತ್ತುತ್ತಿದ್ದಾಗ, ಭಾನು ಮೆಸೇಜು ಬರೆಯಲು ಕೂತಿದ್ದಳು. ಫೋನಿನಲ್ಲಿ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟಬೇಕು. "ಮೆಸ್ ಟ್ಯಾಂಕ್ ಹಿಂದಕ್ಕೆ ಶಿಫ್ಟ್ ಆಗಿದೆ, ಸೋಮವಾರದಿಂದ ಬನ್ನಿ. ಅಷ್ಟೇ ಸಾಕು ಅಲ್ವಾ ಅತ್ತೆ?"

"ಅಷ್ಟೇನಾ?" ಅಕ್ಕಯಮ್ಮ ಕೈಯಲ್ಲಿದ್ದ ಕೊಳಗ ಕೆಳಗಿಟ್ಟಳು. "ಮನುಷ್ಯರನ್ನ ಕಂಡಾಗ ಚೆನ್ನಾಗಿದ್ದೀಯಾ ಅಂತ ಒಂದು ಮಾತು ಕೇಳ್ದೆ ಊಟಕ್ಕೆ ಬಾ ಅಂತಾರೇನಮ್ಮ?"

"ನೂರರವತ್ತು ಅಕ್ಷರ ಅಷ್ಟೇ ಹಿಡ್ಸೋದು ಇದ್ರಲ್ಲಿ."

"ಹಂಗಾದ್ರೆ ಎರಡು ಮಾಡು. ನಾನು ಹೇಳ್ತೀನಿ, ಬರ್ಕೋ."

ಅವಳು ಹೇಳಿದಳು, ಭಾನು ಬರೆದುಕೊಂಡಳು. "ನಮಸ್ಕಾರ. ನಾನು ಮೆಸ್ ಅಕ್ಕಯಮ್ಮ. ಚೆನ್ನಾಗಿದ್ದೀಯಾ? ಇಷ್ಟು ದಿನ ನಮ್ಮ ಊಟ ಉಂಡು ಹರಸಿದೆ. ನಿನ್ನ ಉಪಕಾರ ಮರೆಯಲ್ಲ. ಸೋಮವಾರದಿಂದ ಗೇಟ್ ಹತ್ತಿರ ನಮ್ಮ ಮೆಸ್ ಇರಲ್ಲ." ಅಲ್ಲಿಗೆ ಅಕ್ಷರ ಮುಗಿದವು. 'ಎಲ್ಲರೂ ಚೆನ್ನಾಗಿದ್ದೀರಾ' ಎಂದು ಹಾಕೋಣ ಎಂದು ಭಾನು ಸೂಚಿಸಿದ್ದಳು. ಅತ್ತೆ ಒಪ್ಪಲಿಲ್ಲ. "ಓದೋನು ಒಬ್ಬನೇ ಕೂತು ಓದ್ತಾನೆ ತಾನೆ? ಅವನನ್ನೇ ಕೇಳ್ಬೇಕು." ಎರಡನೆಯ ಮೆಸೇಜಿನಲ್ಲಿ ಹೊಸ ಜಾಗದ ಗುರುತು, ಮೊದಲಿನ ಹಾಗೇ ಊಟ ಇರುತ್ತದೆ, ಬಾ ಎಂಬ ಕರೆ.

ಮೊದಲನೆಯದು ಎಲ್ಲರಿಗೂ ಹೋಯಿತು. ಎರಡನೆಯದಕ್ಕೆ ಇಪ್ಪತ್ತು ಹೆಸರು ಆರಿಸಿ ಒತ್ತುವಷ್ಟರಲ್ಲಿ ಟೆಂಪೋದವನು ಹಾರನ್ ಹೊಡೆಯತೊಡಗಿದ್ದ. ಭಾನು ಓಡುತ್ತಲೇ ಮಿಕ್ಕವರನ್ನೂ ಆರಿಸಿ ಒತ್ತಿ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಎರಡೂವರೆಯ ಹೊತ್ತಿಗೆ ಬೀದಿಯ ತುದಿಯಲ್ಲಿ ಬೈರಣ್ಣ ಕಾಣಿಸಿದ. ಅಚ್ಚು ಮಾಡುವ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುವವನು, ಮೆಸ್ಸಿನ ಮೊದಲ ದಿನದಿಂದ ಉಂಡವನು. ಮನೆಗಳ ಮೇಲೆ ಕಣ್ಣಾಡಿಸುತ್ತ ನಿಧಾನವಾಗಿ ಬರುತ್ತಿದ್ದ. ಗೇಟಿನಲ್ಲಿ ನಿಂತ ಅಕ್ಕಯಮ್ಮನನ್ನು ಕಂಡು ಸೈಕಲ್ಲಿನಿಂದ ಇಳಿದ.

"ಇದ್ಯಾಕಮ್ಮ, ಚೆನ್ನಾಗೇ ಇದ್ದೀಯಲ್ಲ!"

"ನನಗೇನಾಗಿದೆ ಬೈರಣ್ಣ?"

"ಅಲ್ಲ, ಮೆಸ್ ಮುಚ್ಚಿಬಿಟ್ಲು ಅಂತ ಎಲ್ರೂ ಮಾತಾಡ್ಕೊಂಡ್ರು. ಮೈಗೆ ಹುಷಾರಿಲ್ವೇನೋ, ನೋಡ್ಕೊಂಡು ಬರಣ ಅಂತ ಮನೆ ಕೇಳ್ಕೊಂಡು ಬಂದೆ." ಅವನು ಮೂಗಾಡಿಸಿದ. "ಸಾರು ಮಾಡಿದ್ದೀಯಾ?"

ಅವನ ಫೋನಿನಲ್ಲಿ ಒಂದೇ ಮೆಸೇಜಿತ್ತು. ಭಾನು ತನ್ನ ಫೋನು ತೆಗೆದು ನೋಡಿದಳು. ಎರಡನೆಯದು ನಾಲ್ಕು ಜನಕ್ಕೆ ಹೋಗಿ ನಿಂತುಬಿಟ್ಟಿತ್ತು. ಮಿಕ್ಕವರ ಹೆಸರಿನ ಮುಂದೆಲ್ಲ ಕೆಂಪು ಗುರುತು. ಜಾಗ ಬರೆದು ಶೆಡ್ಡಿನ ಕಂಬಕ್ಕೆ ಕಟ್ಟಿದ್ದ ರಟ್ಟು ಏನಾಯಿತೆಂದು ಕೇಳಿದರೆ, ಬೆಳಿಗ್ಗೆ ಜೆಸಿಬಿ ಬಂದು ಕಂಬ ಸಮೇತ ಕಿತ್ತುಹಾಕಿದೆ ಎಂದ ಬೈರಣ್ಣ.

ಭಾನು ರೀಚಾರ್ಜ್ ಅಂಗಡಿಗೆ ಓಡಿದಳು. ಅಂಗಡಿಯ ಗೋವಿಂದರಾಜು ನಕ್ಕುಬಿಟ್ಟ. "ಒಂದು ಸಿಮ್ಮಿಂದ ದಿನಕ್ಕೆ ಇನ್ನೂರೇ ಕಣಮ್ಮ. ಈಗ ಹೊಸ ರೂಲ್ಸು. ಕಂಡಕಂಡೋರಿಗೆಲ್ಲ ಮೆಸೇಜ್ ಹಾಕ್ತಾರೆ ಅಂತ ಕಟ್ ಮಾಡವ್ರೆ. ಇವತ್ತು ಹೋಯ್ತದೆ, ಹಾಕು." ಅಲ್ಲೇ ಕಟ್ಟೆಯ ಮೇಲೆ ಕೂತು ಅವಳು ಎರಡನೆಯದನ್ನು ಮತ್ತೆ ಕಳಿಸಿದಳು. ಆದರೆ ಮೊದಲ ಪಾಳಿಯವರು ಆಗಲೇ ಬಸ್ಸು ಹತ್ತಿ ಹೋಗಿದ್ದರು. ಎರಡನೆಯ ಪಾಳಿಯವರ ಫೋನುಗಳು ಸೆಕ್ಯೂರಿಟಿಯವನ ಡಬ್ಬದೊಳಗೆ ರಾತ್ರಿ ಹತ್ತರವರೆಗೆ ಮಲಗಿರುತ್ತವೆ.

ಅವಳು ಹಿಂದಿರುಗಿದಾಗ ಬೈರಣ್ಣ ಒಬ್ಬನೇ ದೊಡ್ಡ ಹಜಾರದ ನಡುವೆ ಎಲೆ ಮುಂದೆ ಕೂತು ಉಣ್ಣುತ್ತಿದ್ದ. ಅಕ್ಕಯಮ್ಮ ಅವನಿಗೆ ಮೂರನೆಯ ಸಲ ಪಾಯಸ ಬಡಿಸುತ್ತಿದ್ದಳು. ಅವನು ಬೇಡವೆನ್ನಲಿಲ್ಲ. ಉಂಡೆದ್ದವನೇ ಗೋಡೌನಿನ ತಳಪಾಯ ತೋಡುತ್ತಿದ್ದ ಕೂಲಿಯವರಿಗೆ ಹೇಳಿಬರುತ್ತೇನೆಂದು ಹೋದ. ಒಂದಷ್ಟು ಜನ ಬಂದು ಉಂಡು ಹೋದರು. ಹಳೆಯ ಶೆಡ್ಡನ್ನು ಕೆಡವಿದವರೂ ಅವರೇ. ಅಕ್ಕಯಮ್ಮ ಅವರಿಗೂ ಪಾಯಸ ಹಾಕಿದಳು.

ಸಂಜೆ ಐದರ ಹೊತ್ತಿಗೆ ಪಾತ್ರೆ ತೊಳೆದು ಇಬ್ಬರೂ ಹಿತ್ತಲ ಮೆಟ್ಟಿಲ ಮೇಲೆ ಕೂತರು. ಭಾನುವಿನ ಮುಖ ಇನ್ನೂ ಸಪ್ಪಗಿತ್ತು. "ನನ್ನದೇ ತಪ್ಪತ್ತೆ. ನಿಂತು ನೋಡ್ಬೇಕಿತ್ತು."

"ನಾನೇ ತಾನೆ ಉದ್ದ ಮಾಡ್ಸಿದ್ದು, ಬಿಡು. ಅದೇನು, ನಿನ್ನೆಯಿಂದ ಟಿಂಗ್ ಟಿಂಗ್ ಅಂತಲೇ ಇದೆ ಆ ಫೋನು?"

"ಹಾಡು ಹಾಕಿಸ್ಕೊಳ್ಳಿ ಅಂತ ಸಿಮ್ ಕಂಪನಿಯೋರು ಕಳಿಸ್ತಾನೇ ಇರ್ತಾರೆ" ಎನ್ನುತ್ತ ಭಾನು ತೆರೆದು ನೋಡಿದಳು. ಒಂದರ ಕೆಳಗೊಂದು ಸರಿಸುತ್ತ ಹೋದಳು. "ಅತ್ತೆ, ಇವೆಲ್ಲ ನಮ್ಮೋರದು. ನಲವತ್ತರ ಮೇಲಿವೆ."

ಓದತೊಡಗಿದಳು. ಮೆಸ್ ಹದಿನೇಳು ಬರೆದಿದ್ದ: ಆಂಟಿ ನಿಮ್ಮ ಉಪ್ಸಾರು ಎಲ್ಲೂ ಸಿಗಲ್ಲ. ಮೆಸ್ ಎಪ್ಪತ್ತಮೂರು ಬರೆದಿದ್ದಳು, ಹುಡುಗಿಯೇ ಇರಬೇಕು: ಅಮ್ಮ ನನಗೆ ಮದುವೆ ಆಯ್ತು, ಈಗ ಕುಣಿಗಲ್, ನಿಮ್ಮನ್ನ ಕರೀಬೇಕು ಅಂತಿದ್ದೆ ನಂಬರ್ ಇರಲಿಲ್ಲ. ಮೆಸ್ ನೂರಾ ನಲವತ್ತು: ಅಕ್ಕ ಕೆಲಸ ಬಿಟ್ಟು ಎರಡು ವರ್ಷ ಆಯ್ತು, ಊರಲ್ಲಿ ಟ್ರ್ಯಾಕ್ಟರ್ ಓಡಿಸ್ತಿದ್ದೀನಿ, ಇನ್ನೂ ನೆನಪಿಟ್ಟಿದ್ದೀರಲ್ಲ.

ಅಕ್ಕಯಮ್ಮ ಒಂದೊಂದಕ್ಕೂ ಕಣ್ಣು ಮುಚ್ಚಿ ಯೋಚಿಸಿದಳು. ಉಪ್ಸಾರಿನವನು ಖಾರ ಜಾಸ್ತಿ ಕೇಳುತ್ತಿದ್ದ ಸಾಸಲು ಊರಿನ ಹುಡುಗ ಇರಬಹುದು. ಕುಣಿಗಲ್ಲಿನವಳು? ಮೂರು ಜನ ಹುಡುಗಿಯರು ಯಾವಾಗಲೂ ಒಟ್ಟಿಗೆ ಬರುತ್ತಿದ್ದರು, ಅವರಲ್ಲಿ ಒಬ್ಬಳೋ ಏನೋ. ಮಿಕ್ಕವರು ಯಾರೆಂದು ಹೊಳೆಯಲೇ ಇಲ್ಲ. ಎಲೆಯ ಮೇಲೆ ಬಗ್ಗಿದ ತಲೆಗಳು, ಮುಂದಕ್ಕೆ ಚಾಚಿದ ಕೈಗಳು ಕಣ್ಣಿಗೆ ಬಂದವು. ಮುಖ ಬರಲಿಲ್ಲ.

"ಭಾನು, ಇವರಲ್ಲಿ ಈಗ ಇಲ್ಲೇ ಇರೋರು ಎಷ್ಟು ಜನ?"

ಭಾನು ಬೆರಳು ಮಡಿಸಿದಳು. ಉತ್ತರ ಬರೆದವರಲ್ಲಿ ಮುಕ್ಕಾಲು ಪಾಲು ಕಾರ್ಖಾನೆ ಬಿಟ್ಟು ಹೋದವರೇ. ತುಮಕೂರು, ಹೊಸೂರು, ಮಾಲೂರು. ಒಬ್ಬ ಮಸ್ಕತ್‌ನಿಂದ ಬರೆದಿದ್ದ. ಯಾರನ್ನು ನಂಬಿ ಈ ದೊಡ್ಡ ಮನೆಯನ್ನು ಹಿಡಿದಿದ್ದರೋ ಅವರಲ್ಲಿ ಹೆಚ್ಚಿನವರು ಬಾಶೆಟ್ಟಿಹಳ್ಳಿಯ ದಾರಿಯನ್ನೇ ಮರೆತು ಎಷ್ಟೋ ಕಾಲವಾಗಿತ್ತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಮೆಸ್ ನೂರಹನ್ನೆರಡು ಎಂದಳು ಭಾನು, ಅತ್ತೆಯ ಕೈಗೆ ಕೊಡುತ್ತ.

"ಅಕ್ಕಾರ, ನಾನ್ರೀ! ಗುರ್ತು ಸಿಕ್ತಿಲ್ರಿ? ನಿಮ್ಮ ಚಪಾತಿ ಹುಡುಗ!"

ಉತ್ತರದ ಕಡೆಯ ಮಾತು. ಆ ಕಡೆಯ ಹುಡುಗರು ಎಷ್ಟು ಜನ ಬಂದುಹೋಗಿದ್ದರೋ. ಯಾರೆಂದು ಹೊಳೆಯದೆಯೇ ಅಕ್ಕಯಮ್ಮ ಹೇಳಿದಳು. "ಅಯ್ಯೋ, ಗೊತ್ತಾಗ್ದೇ ಇರುತ್ತೇನಪ್ಪ? ಚೆನ್ನಾಗಿದ್ದೀಯಾ?"

"ಆರಾಮ ಅದೀನ್ರಿ. ನಿನ್ನೆ ನಿಮ್ಮ ಮೆಸೇಜ್ ನೋಡಿ ಎದಿ ಧಸಕ್ಕಂತ್ರಿ. ಮುಚ್ಚಿಬಿಟ್ರಲ್ಲ ಅಂತ ನನ್ನ ಹೆಂಡ್ತಿ ಮುಂದ ಹೇಳ್ಕೊಂಡು ಕುಂತಿದ್ದೆ. ಇವತ್ತು ನೋಡಿದ್ರ ಊಟಕ್ಕ ಬಾ ಅಂತ ಕರದೀರಿ! ಅಷ್ಟು ಮಂದ್ಯಾಗ ನನ್ನ ನಂಬರ್ ಇಟ್ಕೊಂಡು ಕರದೀರಲ್ರಿ ಅಕ್ಕಾರ."

"ಕರೀದೆ ಇರ್ತೀನಾ" ಎಂದಳು ಅಕ್ಕಯಮ್ಮ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು.

ಅವನು ಹೇಳುತ್ತ ಹೋದ. ಮೊದಲ ದಿನ ಮುದ್ದೆ ನುಂಗಲು ಬಾರದೆ ಅಗಿದದ್ದು, ಪಕ್ಕದವರು ನಕ್ಕದ್ದು, ಅವನು ಅರ್ಧಕ್ಕೇ ಎದ್ದುಹೋದದ್ದು. ಮರುದಿನದಿಂದ ಅವಳು ಎರಡು ಚಪಾತಿ ಮಾಡಿ, ಯಾರಿಗೂ ಕಾಣದ ಹಾಗೆ ಅನ್ನದ ಕೆಳಗೆ ಮುಚ್ಚಿ ಕೊಟ್ಟದ್ದು. ಎಂಟು ತಿಂಗಳು. ಅಕ್ಕಯಮ್ಮ ಹೂಂ ಎನ್ನುತ್ತ ಕೇಳಿದಳು. ಹಾಗೆ ಕೊಟ್ಟಿರಬಹುದು. ಎಷ್ಟೋ ಜನರಿಗೆ ಎಷ್ಟೋ ಬಗೆಯಲ್ಲಿ ಕೊಟ್ಟಿರಬಹುದು. ಅನ್ನದ ಕೆಳಗೆ ಚಪಾತಿ ಮುಚ್ಚಿದ್ದು ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ.

"ನಾ ಈಗ ಹೊಸೂರಾಗ ಅದೀನ್ರಿ, ಅಪಾರ್ಟ್‌ಮೆಂಟ್ ಗೇಟಿಗೆ ವಾಚ್‌ಮನ್. ಬರೂ ಐತಾರ ರಜಾ ಹಾಕ್ತೀನಿ. ಹೆಂಡ್ತೀನ, ಮಗಳನ್ನ ಕರ್ಕೊಂಡು ಬರ್ತೀನ್ರಿ ಊಟಕ್ಕ. ನೀವು ಕರದ ಮ್ಯಾಲ ಬರದ ಹೆಂಗ ಬಿಡ್ಲಿ?"

"ಬಾಪ್ಪ" ಎಂದಳು. ಮಾತು ಮುಗಿದು ಫೋನು ಕೆಳಗಿಟ್ಟಾಗ ಭಾನು, "ಯಾರತ್ತೆ ಅದು?" ಎಂದಳು.

"ಗೊತ್ತಿಲ್ಲ ಕಣಮ್ಮ."

ಮಂಗಳವಾರ ನಲವತ್ತಮೂರು ಜನ ಬಂದರು. ಕೆಲವರು ಮೆಸೇಜು ನೋಡಿ, ಹೆಚ್ಚಿನವರು ಬೈರಣ್ಣನ ಬಾಯಿಂದ ಕೇಳಿ. ಹಜಾರದ ಅರ್ಧ ಖಾಲಿಯಿತ್ತು, ಆದರೂ ಸದ್ದಿತ್ತು. ಬಂದವರು "ಹೆದರಿಸ್ಬಿಟ್ರಲ್ಲ ಆಂಟಿ" ಎಂದು ಛೇಡಿಸಿದರು. ಅಕ್ಕಯಮ್ಮ ಬಡಿಸುತ್ತ ಒಬ್ಬೊಬ್ಬರ ಮುಖವನ್ನೂ ನಿಂತು ನೋಡಿದಳು. ಅವಳು ಹಾಗೆ ನೋಡುವುದು ಕಂಡು ಒಬ್ಬ ಹುಡುಗ ಮೀಸೆ ಒರೆಸಿಕೊಂಡ.

ಊಟದ ಗಲಾಟೆ ಇಳಿದ ಮೇಲೆ ಭಾನು ಫೋನು ಹಿಡಿದು ಕೂತಳು. "ಅತ್ತೆ, ಲಿಸ್ಟ್ ಸರಿ ಮಾಡ್ಬೇಕು. ಇಲ್ಲಿ ಇಲ್ದಿರೋರಿಗೆಲ್ಲ ಕಳಿಸಿ ಏನು ಪ್ರಯೋಜನ? ದಿನಕ್ಕೆ ಇನ್ನೂರೇ ಅಂದ್ಮೇಲೆ ಇರೋರಿಗೆ ಮಾತ್ರ ಹಾಕೋಣ. ಇವತ್ತು ಬಂದೋರ ಹೆಸರು ಬರ್ಕೊಂಡಿದ್ದೀನಿ." ಮೊಮ್ಮಗುವಿನ ಹಳೆಯ ನೋಟ್ ಪುಸ್ತಕದ ಹಾಳೆಯಲ್ಲಿ ಹೆಸರು, ಕಂಪನಿ, ಪಾಳಿ, ಮುದ್ದೆಯೋ ಅನ್ನವೋ, ಎಲ್ಲ ಇತ್ತು. ಅವಳು ಒಳ್ಳೆಯ ಕೆಲಸವನ್ನೇ ಮಾಡಿದ್ದಳು. "ಹೋದೋರನ್ನ ಅಳಿಸ್ತಾ ಬರ್ಲಾ? ಕುಣಿಗಲ್ಲಿನೋಳು?"

"ಹೂಂ. ಅವಳ ನಂಬರ್ ಮಾತ್ರ ಗೋಡೆ ಮೇಲೆ ಬರೆದಿಡು. ಮಗು ಆದಾಗ ಕೇಳ್ಬೇಕು."

"ಟ್ರ್ಯಾಕ್ಟರ್‌ನೋನು?"

"ಅಳಿಸು."

ಹೀಗೇ ಹತ್ತಿಪ್ಪತ್ತು ಹೋದವು. ಪ್ರತಿಯೊಂದು ಅಳಿಸುವಾಗಲೂ ಫೋನು, ನಿಜವಾಗಲೂ ಅಳಿಸಲೇ ಎಂದು ಕೇಳುತ್ತಿತ್ತು. ಭಾನು ಹೌದೆಂದು ಒತ್ತುತ್ತಿದ್ದಳು. ನೂರಹನ್ನೆರಡಕ್ಕೆ ಬಂದಾಗ ಅಕ್ಕಯಮ್ಮ ಕೈ ಚಾಚಿದಳು.

"ಕೊಡಿಲ್ಲಿ. ಅವನಿಗೊಂದು ಫೋನ್ ಮಾಡ್ಕೊಡು."

"ಯಾಕತ್ತೆ? ಭಾನುವಾರ ಬರ್ತಾನಂತಲ್ಲ."

"ಬರ್ತಾನೆ. ಹೆಂಡ್ತಿ ಮಗು ಮುಂದೆ ಬಂದು ನಿಂತ್ಕೊಂಡು ನನ್ನ ಮುಖ ನೋಡ್ತಾನೆ. ಆಗ ಏನ್ ಮಾಡ್ಲಿ ನಾನು?"

"ಅಯ್ಯೋ, ಬಾಪ್ಪಾ ಅಂದು ಊಟ ಹಾಕಿದ್ರಾಯ್ತು. ಅವನಿಗೇನ್ ಗೊತ್ತಾಗುತ್ತೆ?"

"ಅವನಿಗೆ ಗೊತ್ತಾಗಲ್ಲ" ಎಂದಳು ಅಕ್ಕಯಮ್ಮ. ಕೈ ಹಾಗೇ ಚಾಚಿಕೊಂಡಿದ್ದಳು.

ಭಾನು ನಂಬರ್ ಒತ್ತಿ ಕೊಟ್ಟು, ಎಲೆ ಎತ್ತುವ ನೆಪ ಮಾಡಿಕೊಂಡು ಒಳಗೆ ಹೋದಳು. ಆ ಕಡೆ ಎತ್ತಿಕೊಂಡವನ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು. "ಏನ್ರೀ ಅಕ್ಕಾರ!"

"ನೋಡಪ್ಪ, ಒಂದು ಮಾತು ಹೇಳ್ಬೇಕು. ಬೇಜಾರು ಮಾಡ್ಕೋಬೇಡ." ಅವಳು ಗೋಡೆಗೆ ಒರಗಿದಳು. "ಆ ಮೆಸೇಜು ನಿನ್ನೊಬ್ಬನಿಗೇ ಕಳಿಸಿದ್ದಲ್ಲ. ಇನ್ನೂರು ಜನಕ್ಕೆ ಕಳಿಸಿದ್ದು. ಫೋನಲ್ಲಿ ನಂಬರ್ ಇತ್ತು, ಹೋಯ್ತು. ನಿನ್ನೆ ನೀನು ಮಾತಾಡಿದಾಗ ನನಗೆ ನೀನ್ಯಾರು ಅಂತ ಗುರುತು ಸಿಗಲಿಲ್ಲ. ಸಿಕ್ಕಿದ ಹಂಗೆ ಮಾತಾಡ್ಬಿಟ್ಟೆ. ಚಪಾತಿ ಕೊಟ್ಟಿದ್ದೂ ನೆನಪಿಗೆ ಬರ್ತಿಲ್ಲ."

ಆ ಕಡೆ ದೂರದಲ್ಲಿ ವಾಹನಗಳ ಸದ್ದು, ಯಾರೋ ಮಕ್ಕಳು ಕಿರುಚಿದ್ದು ಕೇಳಿಸಿತು.

"ಇನ್ನೂರು ಮಂದಿಗೇನ್ರಿ?" ಎಂದ ಕೊನೆಗೆ.

"ಹೂಂ."

"ಹಂಗಾರ ನಾ ಬರೂದು..."

"ಬರಲೇಬೇಕು. ಅದಕ್ಕೇ ಫೋನ್ ಮಾಡಿದ್ದು. ಮೆಸೇಜ್ ಎಲ್ಲರಿಗೂ ಹೋಗಿತ್ತು, ಇದು ನಿನಗೇ ಮಾಡಿದ್ದು." ಅವಳೇ ಕೇಳಿದಳು. "ನಿನ್ನ ಹೆಸರೇನಪ್ಪ?"

"ಹನುಮೇಶ ರೀ."

"ಯಾವೂರು?"

"ಮಾನ್ವಿ ಕಡೆ." ದನಿ ಸಣ್ಣದಾಗಿತ್ತು, ಆದರೂ ಮುಂದುವರಿಯಿತು. "ಕಡೀ ಕಂಬದ ಬಾಜೂ ಕೂಡ್ತಿದ್ದೆ ನೋಡ್ರಿ. ನನಗ ಎಡಗೈಲೆ ಉಣ್ಣೂ ರೂಢಿ. ಮಂದಿ ಬೈತಿದ್ರು. ನೀವು ಏನಂತಿದ್ರಿ ಅಂದ್ರ..." ಹಾರನ್ನು ಜೋರಾಗಿ ಕೇಳಿಸಿತು. "ಗಾಡಿ ಬಂತ್ರಿ ಅಕ್ಕಾರ, ಗೇಟ್ ತೆಗೀಬೇಕು. ಇಡಬ್ಯಾಡ್ರಿ, ಹಂಗ ಹಿಡೀರಿ, ಬಂದೆ."

ಅವನು ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಕಬ್ಬಿಣದ ಗೇಟು ಕಿರುಗುಟ್ಟುತ್ತ ಸರಿಯಿತು. ಒಂದು ಕಾರು ಹೋಯಿತು, ಅದರ ಹಿಂದೆ ಇನ್ನೊಂದು. ಯಾರೋ ಇಂಗ್ಲಿಷಿನಲ್ಲಿ ಏನೋ ಕೇಳಿದರು, ಅವನು ಏನೋ ಉತ್ತರಿಸಿದ. ಒಳಗಿನಿಂದ ಭಾನು ಹಣಕಿ ನೋಡಿ ಮುಗಿಯಿತೇ ಎಂದು ಕೈಯಲ್ಲೇ ಕೇಳಿದಳು. ಅಕ್ಕಯಮ್ಮ ತಡೆ ಎಂಬಂತೆ ಬೆರಳೆತ್ತಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು, ಬಿಸಿಲು ಬಿದ್ದ ಮೆಟ್ಟಿಲ ಮೇಲೆ ಕೂತಳು.